ಮಾಸ್ತಮ್ಮನ ಅಂಗಳದ ಬೈಪಾಸು

ಕರ್ಕಿಯ ರಮಾನಂದನಿಗೆ ಗಾಡಿಯನ್ನು ಮುಂದೆ ಓಡಿಸಲು ಬರುತ್ತಿತ್ತು, ಹಿಂದೆ ತೆಗೆಯಲು ಬರುತ್ತಿರಲಿಲ್ಲ. ಮೀನಿನ ಟೆಂಪೋ ಓಡಿಸಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಇದು ಹೇಳಿಕೊಳ್ಳುವಂಥ ವಿಷಯವಲ್ಲ. ಆದ್ದರಿಂದ ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಜಯಂತಿಗೂ.

ಮೊದಲು ಬರುತ್ತಿತ್ತು. ಮೀನಿನ ಬೋಟುಗಳು ಬಂದು ನಿಲ್ಲುವ ಭಟ್ಕಳದ ದಕ್ಕೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ, ಬೋಟಿನಿಂದ ಇಳಿಸಿದ ಬಂಗುಡೆ ತುಂಬಿಕೊಂಡು ಗಾಡಿ ಹಿಂದೆ ತೆಗೆಯುವಾಗ ಹಿಂದಿನ ಗಾಲಿಗಳೆರಡೂ ದಕ್ಕೆಯ ಅಂಚು ದಾಟಿಬಿಟ್ಟವು. ಟೆಂಪೋದ ಮೂತಿ ಆಕಾಶ ನೋಡಿತು. ಪೆಟ್ಟಿಗೆಗಳು ಒಂದೊಂದಾಗಿ ಜಾರಿ, ಕಷ್ಟಪಟ್ಟು ಹಿಡಿದು ತಂದ ಬಂಗುಡೆಯೆಲ್ಲ ಬಂದ ದಾರಿಯಲ್ಲೇ ಸಮುದ್ರಕ್ಕೆ ವಾಪಸಾಯಿತು. ಸೀಟಿನಲ್ಲಿ ಅಂಗಾತ ಬಿದ್ದಿದ್ದ ರಮಾನಂದನಿಗೆ ದಕ್ಕೆಯ ಜನರ ನಗು ಮಾತ್ರ ಕೇಳಿಸುತ್ತಿತ್ತು. ಕನ್ನಡದವರು, ಕೊಂಕಣಿಯವರು, ನವಾಯತಿಯವರು ಎಲ್ಲರೂ ಒಂದೇ ಭಾಷೆಯಲ್ಲಿ ನಗುತ್ತಾರೆ ಎಂಬುದು ಅವನಿಗೆ ಆ ದಿನ ಗೊತ್ತಾಯಿತು.

ಅವನು ಆ ಕೆಲಸ ಬಿಟ್ಟು ಹೊನ್ನಾವರದ ರವೀಂದ್ರ ಸಾಹುಕಾರರ ಟೆಂಪೋಕ್ಕೆ ಸೇರಿದ. ಆದರೆ ಭಯ ಅವನನ್ನು ಬಿಡಲಿಲ್ಲ. ರಿವರ್ಸ್ ಗೇರಿಗೆ ಕೈ ಹೋದರೆ ಸಾಕು, ಅಂಗೈ ಬೆವರುತ್ತಿತ್ತು, ಕುತ್ತಿಗೆ ಹಿಂದೆ ತಿರುಗುತ್ತಿರಲಿಲ್ಲ, ಕಿವಿಯಲ್ಲಿ ದಕ್ಕೆಯ ನಗು ಶುರುವಾಗುತ್ತಿತ್ತು. ಹಾಗಾಗಿ ಅವನು ಹಿಂದೆ ಹೋಗಬೇಕಾದ ಸಂದರ್ಭವೇ ಬಾರದ ಹಾಗೆ ಬದುಕುವುದನ್ನು ಕಲಿತ. ಎಲ್ಲಿ ನುಗ್ಗಿದರೆ ಎಲ್ಲಿ ಹೊರಬೀಳಬಹುದು ಎಂದು ಮೊದಲೇ ನೋಡಿಕೊಳ್ಳುತ್ತಿದ್ದ. ಕುಮಟಾದ ಮೀನುಪೇಟೆಗೆ ಸುತ್ತು ಬಳಸಿ ಮೂರು ಬೀದಿ ಹಾದು ಬರುತ್ತಿದ್ದ. ಮುಂದೆ ದಾರಿಯಿಲ್ಲದ ಕೇರಿಯಲ್ಲಿ ನೆಂಟರ ಮದುವೆಯಿದ್ದರೆ ಟೆಂಪೋವನ್ನು ಹೆದ್ದಾರಿಯಲ್ಲಿಟ್ಟು ನಡೆದೇ ಹೋಗುತ್ತಿದ್ದ. ಯಾರಾದರೂ "ಸ್ವಲ್ಪ ಹಿಂದೆ ತೆಗಿ ಮಾರಾಯ" ಎಂದರೆ ಅವನ ಕುತ್ತಿಗೆ ಆ ಕ್ಷಣಕ್ಕೆ ಉಳುಕುತ್ತಿತ್ತು. ಇಷ್ಟು ವರ್ಷದಲ್ಲಿ ಆ ಕುತ್ತಿಗೆಗೆ ಜಯಂತಿ ತಿಕ್ಕಿದ ಎಣ್ಣೆಯಲ್ಲಿ ಒಂದು ಮದುವೆಯ ಹಪ್ಪಳ ಕರಿಯಬಹುದಿತ್ತು.

ತೊಂದರೆಯಿದ್ದದ್ದು ಸ್ವಂತ ಮನೆಯಲ್ಲಿ. ಹೆದ್ದಾರಿಯಿಂದ ಇಳಿದು ಬರುವ ಓಣಿ ಅವನ ಮನೆಯ ಹತ್ತಿರ ಮುಗಿಯುತ್ತಿತ್ತು. ಎರಡೂ ಕಡೆ ಚಿರೆಕಲ್ಲಿನ ಗೋಡೆ, ಟೆಂಪೋ ತಿರುಗಿಸಲು ಜಾಗವಿಲ್ಲ. ಓಣಿಯ ತುದಿಗೆ ಪಕ್ಕದ ಮನೆ ಮಾಸ್ತಮ್ಮಜ್ಜಿಯ ಅಂಗಳ. ಅಂಗಳದಲ್ಲಿ ಬಾವಿ, ಬಾವಿಗೆ ತಾಗಿ ಹಟ್ಟಿ. ಬಾವಿಯ ಈಚೆ ಒಂದು ಗಾಡಿ ದಾಟುವಷ್ಟು ಜಾಗ, ಹಿತ್ತಿಲ ಬೇಲಿಯಲ್ಲಿ ಒಂದು ಬಾಯಿ, ಅಲ್ಲಿಂದಾಚೆ ತೆಂಗಿನ ತೋಟದ ಮಣ್ಣುದಾರಿ. ಆ ದಾರಿ ಹೋಗಿ ಮತ್ತೆ ಹೆದ್ದಾರಿಗೇ ಸೇರುತ್ತಿತ್ತು.

ರಮಾನಂದ ಯೋಚಿಸಿ ಒಂದು ದಿನ ಅಜ್ಜಿಯ ಜಗಲಿಗೆ ನಾಲ್ಕು ಬಂಗುಡೆ ತಂದಿಟ್ಟ. "ಅಜ್ಜಿ, ನಿಂಗೆ ಪೇಟೆಗೆ ಹೋಗೂಕೆ ಆಗೂದಿಲ್ಲ. ನಾನು ಕುಮಟಾದಿಂದ ಬರೂವಾಗ ದಿನಾ ಮೀನು ತಂದು ಕೊಡ್ತೆ. ಟೆಂಪೋ ನಿನ್ನ ಅಂಗಳದಲ್ಲೇ ನಿಲ್ಸಿ, ಬೆಳಿಗ್ಗೆ ಹಿಂದಿನ ದಾರಿಯಲ್ಲಿ ಹೋಗ್ತೆ. ಆತಾ?"

ಅಜ್ಜಿಯ ಕಣ್ಣು ತುಂಬಿ ಬಂತು. "ಆತು ತಮ್ಮಾ. ಹೆತ್ತ ಮಕ್ಕಳೂ ಇಷ್ಟು ಮಾಡೂದಿಲ್ಲ."

ಅಂದಿನಿಂದ ರಮಾನಂದ ಕುಮಟಾದಿಂದ ಬಂದು ಓಣಿಯಲ್ಲಿ ನುಗ್ಗಿ, ಅಂಗಳದ ಬದಿಯ ನುಗ್ಗೆಮರದ ಕೆಳಗೆ ಟೆಂಪೋ ನಿಲ್ಲಿಸಿ, ಮರುದಿನ ನಸುಕಿಗೆ ಬೇಲಿಯ ಬಾಯಿಯಿಂದ ಹೊರಬಿದ್ದು ಭಟ್ಕಳಕ್ಕೆ ಹೋಗತೊಡಗಿದ. ಒಂಟಿ ಮುದುಕಿಗೆ ದಿನಾ ಮೀನು ಕೊಡುವ ಪುಣ್ಯವಂತ ಎಂದು ಊರಲ್ಲಿ ಹೆಸರೂ ಆಯಿತು. ಯಾರಾದರೂ ಹೊಗಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಎಂದುಕೊಂಡರು. ಅದು ನಾಚಿಕೆಯಾಗಿತ್ತು.

ನಡುವೆ ರವೀಂದ್ರ ಸಾಹುಕಾರರು, ಡ್ರೈವರುಗಳು ದಾರಿತಪ್ಪಿ ತಿರುಗಬಾರದೆಂದು ಎಲ್ಲ ಟೆಂಪೋಗಳಿಗೂ ಜಿಪಿಎಸ್ ಡಬ್ಬಿ ಹಾಕಿಸಿದರು. ಆ ಡಬ್ಬಿ ತನ್ನ ಗುಟ್ಟು ಹೇಳಿಬಿಟ್ಟೀತೆಂದು ರಮಾನಂದನಿಗೆ ಸ್ವಲ್ಪ ದಿನ ನಿದ್ದೆ ಬರಲಿಲ್ಲ. ಸಾಹುಕಾರರು ಏನೂ ಕೇಳಲಿಲ್ಲ. ಕಡೆಗೆ ಅವನಿಗೆ ಡಬ್ಬಿಯಿರುವುದೇ ಮರೆತುಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಕುಮಟಾದ ಕೆಲಸ ಮುಗಿಸಿ ಬಂದ ರಮಾನಂದ ಮನೆಯಲ್ಲಿ ಗಂಜಿ ಕುಡಿಯುತ್ತ ಕುಳಿತಿದ್ದ. ಹೊನ್ನಾವರದ ಕಡೆ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ಮಗುಚಿ ಗಾಡಿಗಳು ಸಾಲುಗಟ್ಟಿವೆ ಎಂಬ ಸುದ್ದಿ ಬಂದಿತ್ತು. ತಾನು ಅದಕ್ಕೆ ಸಿಕ್ಕಿಬೀಳಲಿಲ್ಲವಲ್ಲ ಎಂದು ಅವನು ಸಮಾಧಾನದಿಂದ ಇನ್ನೊಂದು ಸೌಟು ಗಂಜಿ ಬಡಿಸಿಕೊಂಡ. ಅಷ್ಟರಲ್ಲಿ ಓಣಿಯಲ್ಲಿ ಬಿಳಿ ಕಾರೊಂದು ಬಂತು. ಒಳಗಿನಿಂದ ಹೆಂಗಸಿನ ದನಿಯೊಂದು, "ಮುಂದೆ ಬಲಕ್ಕೆ ತಿರುಗಿ" ಎಂದು ಹೇಳುತ್ತಿತ್ತು. ಕಾರು ಬಲಕ್ಕೆ ತಿರುಗಿ, ಮಾಸ್ತಮ್ಮಜ್ಜಿ ಒಣಗಲು ಹರಡಿದ್ದ ಸೀಗಡಿಯ ಮೇಲೆ ಹಾದು, ಬಾವಿಯ ಪಕ್ಕದಲ್ಲಿ ನಿಂತಿತು.

ಕಾರಿನ ಯಜಮಾನ ಕಿಟಕಿಯಿಂದ ತಲೆ ಹೊರಹಾಕಿ, "ಅಜ್ಜಿ, ಮುರ್ಡೇಶ್ವರಕ್ಕ ಹಿಂಗ ಹೋಗ್ಬೇಕೇನ್ರಿ?" ಎಂದು ಕೇಳಿದ.

ಸೀಗಡಿಯ ಚಾಪೆ ನೋಡುತ್ತಿದ್ದ ಅಜ್ಜಿ, "ಇದು ನನ್ನ ಅಂಗಳ ಮಾರಾಯ. ದೇವಸ್ಥಾನ ಬೇರೆ ಕಡೆ ಅದೆ," ಎಂದಳು.

"ಮ್ಯಾಪ್‌ನ್ಯಾಗ ರಸ್ತೆ ಐತ್ರಿ."

"ಯಾರ ಮ್ಯಾಪು?"

ಅವನು ಉತ್ತರ ಕೊಡುವ ಮೊದಲೇ ಹಿಂದೆ ಇನ್ನೊಂದು ಕಾರು ಹಾರನ್ ಹೊಡೆಯಿತು. ಅದರ ಹಿಂದೆ ಎರಡು ಬೈಕು. ಬಿಳಿ ಕಾರು ಬೇಲಿಯ ಬಾಯಿಯಿಂದ ಹೊರಗೆ ಹೋಯಿತು. ಉಳಿದವೂ ಹೋದವು. ಆಮೇಲೆ ಬಂದ ಜೀಪಿಗೆ ಅಜ್ಜಿಯ ಬಟ್ಟೆ ಒಣಹಾಕುವ ಹಗ್ಗ ಸಿಕ್ಕಿ, ಅವಳ ಒಂದು ಸೀರೆ ಜೀಪಿನ ತಲೆಯ ಮೇಲೆ ಹಾರಾಡುತ್ತ ಹೊನ್ನಾವರದ ಕಡೆಗೆ ಹೊರಟುಹೋಯಿತು.

ಗದ್ದಲ ಕೇಳಿ ಮೊದಲು ಓಡಿಬಂದವನು ಬೀರಪ್ಪ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಬಸ್ಸು ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ, ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಅವನ ಹಿಂದೆ ಪಂಚಾಯತಿ ಮೆಂಬರ್ ರೇಖಾ, ಅವಳ ಹಿಂದೆ ಅವಳ ತಮ್ಮ ಸುಹಾಸ. ಅವನು ಮಂಗಳೂರಿನಲ್ಲಿ ಮ್ಯಾಪು ಮಾಡುವ ಕಂಪನಿಯೊಂದರಲ್ಲಿದ್ದ, ರಜೆಗೆಂದು ಅಕ್ಕನ ಮನೆಗೆ ಬಂದಿದ್ದ.

"ಏ ಸುಹಾಸ, ನೀನು ಇದೇ ಕೆಲಸ ಮಾಡೂದಲ್ಲ?" ಎಂದ ಬೀರಪ್ಪ. "ಅಜ್ಜಿ ಅಂಗಳ ರಸ್ತೆ ಅಂತ ಬರೆದವರು ಯಾರು?"

ಸುಹಾಸ ಫೋನು ತೆಗೆದು ನೋಡಿದ. ಅಲ್ಲಿ ಹೆದ್ದಾರಿಯಿಂದ ಹೊರಟು, ಓಣಿಯಲ್ಲಿ ಇಳಿದು, ಬಾವಿಯ ಪಕ್ಕದಲ್ಲಿ ಹಾದು, ತೋಟದಿಂದ ಮತ್ತೆ ಹೆದ್ದಾರಿಗೆ ಸೇರುವ ಚಂದದ ಗೆರೆಯೊಂದಿತ್ತು.

"ಯಾರೂ ಬರೆದದ್ದಲ್ಲ ಬೀರಪ್ಪಣ್ಣ. ಈಗ ರಸ್ತೆ ಅಳೆಯೂಕೆ ಜನ ಬರೂದಿಲ್ಲ. ಗಾಡಿಯಲ್ಲಿರೂ ಫೋನು, ಜಿಪಿಎಸ್ ಡಬ್ಬಿ, ತಾನು ಎಲ್ಲಿದ್ದೆ ಅಂತ ಮ್ಯಾಪ್ ಕಂಪನಿಗೆ ಹೇಳ್ತಾ ಹೋಗ್ತದೆ. ಒಂದೊಂದು ಸಲ ಹೇಳಿದ್ದು ಒಂದೊಂದು ಚುಕ್ಕಿ. ಚುಕ್ಕಿ ದಿನಾ ಒಂದೇ ಸಾಲಲ್ಲಿ ಬಿದ್ರೆ, ಇಲ್ಲಿ ರಸ್ತೆ ಇರ್ಲೇಬೇಕು ಅಂತ ಕಂಪ್ಯೂಟರು ಅಂದಾಜು ಮಾಡಿ ಗೆರೆ ಎಳೀತದೆ."

"ಹಂಗಾದ್ರೆ ನನ್ನ ಕೋಳಿ ಕಾಲಿಗೆ ಡಬ್ಬಿ ಕಟ್ಟಿದ್ರೆ ಹಟ್ಟಿಗೂ ರಸ್ತೆ ಆಗ್ತದಾ?" ಎಂದು ಅಜ್ಜಿ ಕೇಳಿದಳು.

"ಕೋಳಿ ದಿನಾ ಒಂದೇ ದಾರಿಯಲ್ಲಿ ಹೋದ್ರೆ ಆದೀತು ಅಜ್ಜಿ."

"ಕೋಳಿಗೆ ಅಷ್ಟು ಬುದ್ಧಿ ಇಲ್ಲ."

ಬಾಗಿಲ ಸಂದಿಯಿಂದ ಇದನ್ನೆಲ್ಲ ಕೇಳುತ್ತಿದ್ದ ರಮಾನಂದ ಗಂಜಿಯ ಬಟ್ಟಲು ಕೆಳಗಿಟ್ಟ. ದಿನಾ ಒಂದೇ ದಾರಿಯಲ್ಲಿ ಹೋಗುವ ಆ ಕೋಳಿ ಯಾವುದು ಎಂದು ಅವನಿಗೆ ಗೊತ್ತಿತ್ತು. ಮೆಲ್ಲನೆ ಒಳಗೆ ಸರಿಯೋಣವೆಂದುಕೊಂಡ. ಅಷ್ಟರಲ್ಲಿ ಜಯಂತಿ, "ಹೋಯ್, ಇಲ್ಲಿ ಬನ್ನಿ, ನಿಮ್ಮ ಟೆಂಪೋದ್ದೇ ಮಾತು ಬಂದದೆ," ಎಂದು ಕೈಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು.

ಸುಹಾಸ ಫೋನಿನ ಮೇಲೆ ಬೆರಳಾಡಿಸುತ್ತಿದ್ದ. "ಒಂದು ಆಶ್ಚರ್ಯ ಅದೆ ನೋಡಿ. ಇದು ಒಂದೇ ದಿಕ್ಕಿನ ರಸ್ತೆ ಅಂತ ಬಂದದೆ. ಅಂದ್ರೆ ಒಂದೇ ಒಂದು ಚುಕ್ಕಿನೂ ವಾಪಸ್ ಬರ್ಲಿಲ್ಲ. ಎಂಥಾ ರಸ್ತೆ ಆದ್ರೂ ಯಾರಾದ್ರೂ ಒಬ್ರು ನಾಲ್ಕು ಹೆಜ್ಜೆ ಹಿಂದೆ ಬಂದೇ ಬರ್ತಾರೆ. ರಮಾನಂದಣ್ಣ, ನೀವು ಇಲ್ಲಿ ಒಂದು ಸಲನೂ ಗಾಡಿ ಹಿಂದೆ ತೆಗೀಲಿಲ್ವಾ?"

ಎಲ್ಲರೂ ರಮಾನಂದನತ್ತ ತಿರುಗಿದರು. ಅವನ ಕಿವಿ ಬಿಸಿಯಾಯಿತು. ಗುಟ್ಟು ಹೊರಬಿತ್ತು, ಇನ್ನು ಮುಗಿಯಿತು ಎಂದುಕೊಂಡ. ಒಂದು ರೀತಿಯಲ್ಲಿ ಹಗುರವೂ ಆಯಿತು. ಆದರೆ ಬಾಯಿ ತೆರೆಯುವ ಮುಂಚೆ ಬೀರಪ್ಪ ಮುಂದೆ ಬಂದ.

"ಅದಕ್ಕೆ ಶಿಸ್ತು ಅಂತಾರೆ," ಎಂದ. "ನನ್ನ ಸರ್ವೀಸಲ್ಲಿ ಎಷ್ಟು ಡ್ರೈವರ್ ನೋಡ್ಲಿಲ್ಲ ನಾನು. ಮುದುಕಿಗೆ ಮೀನು ಕೊಡಬೇಕು, ಕೊಟ್ಟು ಮುಂದೆ ಹೋಗಬೇಕು, ಹಿಂದೆ ಮುಂದೆ ಅಂತ ಹೊಗೆ ಬಿಟ್ಟು ಅಂಗಳ ಹಾಳು ಮಾಡಬಾರದು. ಹೌದಾ ಅಲ್ದಾ?"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೇಖಾ, "ಇಂಥವರು ಊರಿಗೆ ಒಬ್ಬರಿದ್ರೆ ಸಾಕು," ಎಂದಳು. ರಮಾನಂದ ತಲೆ ತಗ್ಗಿಸಿದ. ಜಯಂತಿಗೆ ಗಂಡನ ವಿನಯ ಕಂಡು ಅಭಿಮಾನವೆನಿಸಿತು.

ಅಷ್ಟು ಹೊತ್ತಿಗೆ ಓಣಿಯಲ್ಲಿ ದೊಡ್ಡ ಸದ್ದು. ಯಾತ್ರೆಗೆ ಹೊರಟ ಮಿನಿ ಬಸ್ಸೊಂದು ಎರಡೂ ಕಡೆಯ ಗೋಡೆಗೆ ಕನ್ನಡಿ ಉಜ್ಜಿಕೊಳ್ಳುತ್ತ ಇಳಿದು ಬರುತ್ತಿತ್ತು. ಬೀರಪ್ಪ ಸೀಟಿ ಊದಿ ಕೈ ಅಡ್ಡ ಹಿಡಿದ. ಡ್ರೈವರು ಸೀಟಿಯನ್ನು ಬಾ ಎಂಬ ಅರ್ಥದಲ್ಲಿ ತೆಗೆದುಕೊಂಡು ಅಂಗಳಕ್ಕೆ ನುಗ್ಗಿದ. ಅಂಗಳ ಓಣಿಗಿಂತ ಎತ್ತರ. ಬಸ್ಸು ಗರ್ಜಿಸುತ್ತ ಮೇಲೆ ಹತ್ತಿ, ಬಾವಿಯ ಕಟ್ಟೆಗೂ ಪೇರಲೆ ಮರಕ್ಕೂ ನಡುವೆ ಸಿಕ್ಕಿ, ಬಲೆಯಲ್ಲಿ ಬಿದ್ದ ಏಡಿಯ ಹಾಗೆ ಅತ್ತಿತ್ತ ಅಲ್ಲಾಡಿ ನಿಂತಿತು. ಕಟ್ಟೆಯ ಒಂದು ಕಲ್ಲು ಕಳಚಿ ಬಾವಿಗೆ ಬಿತ್ತು. ಗುಳುಂ ಎಂಬ ಸದ್ದು ಬಂತು. ಎಲ್ಲರೂ ಒಂದು ಕ್ಷಣ ಬಾವಿಯನ್ನೇ ನೋಡಿದರು.

ಬೀರಪ್ಪ ಬಸ್ಸಿನ ಬಾಗಿಲು ತೆಗೆದು ಒಳಗೆ ಹತ್ತಿದ. ಪ್ರಯಾಣಿಕರನ್ನೆಲ್ಲ ಇಳಿಸಿದ. ಹಳೆಯ ಅಭ್ಯಾಸದಿಂದ ಒಬ್ಬೊಬ್ಬರನ್ನೂ ಲೆಕ್ಕ ಹಾಕುತ್ತ ಇಳಿಸಿದ. ಕಡೆಗೆ ಡ್ರೈವರಿನ ಮುಂದೆ ಕೈ ಚಾಚಿ ಕೀಲಿ ಇಸಿದುಕೊಂಡ.

ಡ್ರೈವರಿನ ಹೆಸರು ಪ್ರಕಾಶ. ತೆಳ್ಳಗಿನ, ಬಡಪಾಯಿ ಮನುಷ್ಯ. "ಅಣ್ಣ, ಹತ್ತಡಿ ಹಿಂದೆ ತಗೊಂಡ್ರೆ ಸಾಕು, ಅಗಲಕ್ಕೆ ತಿರುಗಿಸಿ ಹೋಗಿಬಿಡ್ತೀನಿ," ಎಂದು ಬೇಡಿಕೊಂಡ.

"ನೀನು ಮುಂದೆ ಬಂದು ಒಂದು ಕಲ್ಲು ಬೀಳಿಸಿದೆ. ಹಿಂದೆ ಹೋದರೆ ಬಾವಿಯೇ ಬೀಳ್ತದೆ. ನಿನ್ನ ಕೈಗೆ ನಾವು ಗಾಡಿ ಕೊಡೂದಿಲ್ಲ," ಎಂದ ಬೀರಪ್ಪ. "ನಮ್ಮಲ್ಲಿ ಡ್ರೈವರಿಗೆ ಎಂತ ಬರಗಾಲವಾ? ರಮಾನಂದ, ಬಾ. ಹಿಂದೆ ತೆಗಿ."

ರಮಾನಂದನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. "ಬೀರಪ್ಪಣ್ಣ, ಕುತ್ತಿಗೆ ಸ್ವಲ್ಪ..."

"ನಿನ್ನೆ ಆ ಕುತ್ತಿಗೆ ಮೇಲೆ ಮಂಜುಗಡ್ಡೆ ಬುಟ್ಟಿ ಹೊತ್ರಿ," ಎಂದಳು ಜಯಂತಿ. "ಎಲ್ಲರೂ ಕೇಳೂವಾಗ ಬಿಂಕ ಮಾಡಬಾರ್ದು."

"ಇದು ಬಸ್ಸು. ನಂಗೆ ಟೆಂಪೋ ರೂಢಿ..."

"ಟೆಂಪೋಕ್ಕೆ ನಾಲ್ಕು ಗಾಲಿ, ಇದಕ್ಕೆ ಹಿಂದೆ ಎರಡು ಹೆಚ್ಚು. ಅಷ್ಟೇ ವ್ಯತ್ಯಾಸ," ಎಂದು ಬೀರಪ್ಪ ಅವನನ್ನು ಸೀಟಿನ ಮೇಲೆ ಹತ್ತಿಸಿಯೇಬಿಟ್ಟ.

ರಮಾನಂದ ಸುತ್ತ ನೋಡಿದ. ಯಾತ್ರಿಕರು, ನೆರೆಯವರು, ಓಣಿಯಲ್ಲಿ ಸಿಕ್ಕಿಬಿದ್ದ ಕಾರುಗಳಿಂದ ಇಳಿದು ಬಂದವರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸುಹಾಸ ಬಸ್ಸಿನ ಮುಂದೆ ನಿಂತು ಫೋನು ಎತ್ತಿ ಹಿಡಿದಿದ್ದ. ಬೆನ್ನ ಹಿಂದೆ ದಕ್ಕೆಯ ಅಂಚಿಲ್ಲ, ಸಮುದ್ರವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಕಿವಿಯಲ್ಲಿ ನಗು ಶುರುವಾಗಿತ್ತು. ಕೈ ಎಷ್ಟು ಬೆವರಿತ್ತೆಂದರೆ ಸ್ಟೇರಿಂಗು ಎಣ್ಣೆ ಹಚ್ಚಿದ ಬೈಗೆ ಮೀನಿನ ಹಾಗೆ ಜಾರುತ್ತಿತ್ತು. ಇಂಜಿನ್ ಚಾಲೂ ಮಾಡಿದ. ಗೇರಿನ ಗುಂಡು ಮುಟ್ಟಿದ. ಅದನ್ನು ಎಲ್ಲಿಗೆ ತಳ್ಳಬೇಕೆಂಬುದೇ ತೋಚಲಿಲ್ಲ. ಹಿಂದೆ ಬೀರಪ್ಪ ಸೀಟಿ ಊದಿ, "ಬರ್ಲಿ, ಬರ್ಲಿ, ರೈಟ್," ಎಂದು ಕೂಗತೊಡಗಿದ.

ಇನ್ನು ತಡೆಯಲಾರದೆ ರಮಾನಂದ ಕಣ್ಣು ಮುಚ್ಚಿದ. ಹ್ಯಾಂಡ್ ಬ್ರೇಕ್ ಬಿಟ್ಟ. ಕಾಲು ಹೆದರಿ ತಾನಾಗಿ ಬ್ರೇಕಿನಿಂದ ಮೇಲೆದ್ದಿತು. ಗೇರಿಗೆ ಬೀಳದ ಬಸ್ಸು ಅಂಗಳದ ಇಳಿಜಾರಿನಲ್ಲಿ ಸದ್ದಿಲ್ಲದೆ ಹಿಂದೆ ಹೊರಟಿತು. ರಮಾನಂದ ಸ್ಟೇರಿಂಗನ್ನು ಮುಳುಗುವವನು ಹಲಗೆ ಹಿಡಿದಂತೆ ಅಪ್ಪಿ ಹಿಡಿದಿದ್ದರಿಂದ ಅದು ಕೂದಲೆಳೆಯಷ್ಟೂ ಅತ್ತಿತ್ತ ಹೊರಳಲಿಲ್ಲ. ಬಸ್ಸು ನೂಲು ಹಿಡಿದ ಹಾಗೆ ನೇರವಾಗಿ ಇಳಿದು, ಓಣಿಯ ಬಾಯಿಯ ಪಕ್ಕದಲ್ಲಿ ರಾಶಿ ಹಾಕಿದ್ದ ತೆಂಗಿನ ಸಿಪ್ಪೆಗೆ ಹಿಂದಿನ ಗಾಲಿ ಒರಗಿಸಿ ಮೆತ್ತಗೆ ನಿಂತಿತು.

ಕಣ್ಣು ಬಿಟ್ಟಾಗ ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಅವನು ಬಾಗಿಲು ಹಿಡಿದು ಕೆಳಗಿಳಿದ. ಪ್ರಕಾಶ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಿವಿಯ ಹತ್ತಿರ ಬಾಯಿ ತಂದು, "ಅಣ್ಣ, ಗೇರು ನ್ಯೂಟ್ರಲ್ಲಲ್ಲೇ ಇತ್ತು. ನಾನು ನೋಡಿದೆ. ಬರೀ ಬ್ರೇಕಲ್ಲೇ ತಂದು ನಿಲ್ಲಿಸಿದ್ರಿ. ಇಂಥದ್ದು ನಾನೆಲ್ಲೂ ಕಂಡಿಲ್ಲ," ಎಂದ. ರಮಾನಂದ ಅಂಗಿಯ ತುದಿಗೆ ಅಂಗೈ ಒರೆಸಿಕೊಂಡ. ಪ್ರಕಾಶ ಯಾತ್ರಿಕರನ್ನು ಹತ್ತಿಸಿಕೊಂಡು, ಬಸ್ಸನ್ನು ಅಗಲಕ್ಕೆ ತಿರುಗಿಸಿ, ಬೇಲಿಯ ಬಾಯಿ ಇನ್ನಷ್ಟು ಅಗಲ ಮಾಡಿಕೊಂಡು ಹೊರಟುಹೋದ. ಉಳಿದ ಕಾರುಗಳೂ ಅವನ ಹಿಂದೆ ಹೋದವು.

ಸುಹಾಸ ಫೋನು ಹಿಡಿದುಕೊಂಡು ಬಂದ. "ರಮಾನಂದಣ್ಣ, ನೋಡಿ ಇಲ್ಲಿ. ಗಾಜಿನಲ್ಲಿ ನಿಮ್ಮ ಮುಖ ಸರಿಯಾಗಿ ಬಂದದೆ. ನೀವು ಕಣ್ಣು ಮುಚ್ಕಂಡೇ ತೆಗ್ದದ್ದಲ್ಲ?"

ಎಲ್ಲರೂ ಫೋನಿಗೆ ಮುತ್ತಿದರು. ನಿಜ. ಗಾಜಿನ ಹಿಂದೆ ರಮಾನಂದ ಧ್ಯಾನಕ್ಕೆ ಕುಳಿತ ಋಷಿಯ ಹಾಗೆ ಕಣ್ಣು ಮುಚ್ಚಿಕೊಂಡಿದ್ದ, ಬಸ್ಸು ನೇರವಾಗಿ ಹಿಂದೆ ಹೋಗುತ್ತಿತ್ತು. ಬೀರಪ್ಪ ವಿಡಿಯೋವನ್ನು ಎರಡು ಸಲ ಹಾಕಿಸಿ ನೋಡಿದ. ಆಮೇಲೆ, "ನನ್ನ ಸರ್ವೀಸಲ್ಲೇ ನೋಡ್ಲಿಲ್ಲ," ಎಂದು ಸೀಟಿಯನ್ನು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನದೊಳಗೆ ಆ ವಿಡಿಯೋ ಕರ್ಕಿ ದಾಟಿ ಹೊನ್ನಾವರ, ಕುಮಟಾ ಎಲ್ಲ ಕಡೆ ಓಡಾಡಿತು. ರವೀಂದ್ರ ಸಾಹುಕಾರರೇ ಫೋನು ಮಾಡಿ, "ನನ್ನ ಹತ್ರ ಇಂಥಾ ಡ್ರೈವರು ಇದ್ದಾನೆ ಅಂತ ನಂಗೇ ಗೊತ್ತಿರ್ಲಿಲ್ಲ," ಎಂದರು. ಜಯಂತಿಯ ತವರಿನಿಂದ, ಇಷ್ಟು ವರ್ಷ ಅಳಿಯನನ್ನು ಮಾತಾಡಿಸದಿದ್ದ ಅವಳ ಚಿಕ್ಕಪ್ಪ ಕೂಡ ಮಾತಾಡಿದ. ಒಂದೊಂದು ಫೋನು ಬಂದಾಗಲೂ ರಮಾನಂದ ಒಣಗಿದ ಸೀಗಡಿಯ ಹಾಗೆ ಇನ್ನಷ್ಟು ಮುದುಡಿದ. ದಕ್ಕೆಯಲ್ಲಿ ಜನ ನಕ್ಕಾಗ ಆಗಿದ್ದ ನಾಚಿಕೆಗಿಂತ ಇದು ದೊಡ್ಡದಾಗಿತ್ತು. ಆ ನಗುವಾದರೂ ಅವನು ದುಡಿದು ಗಳಿಸಿದ್ದು. ಈ ಹೊಗಳಿಕೆ ಕದ್ದ ಮಾಲು.

ಊಟಕ್ಕೆ ಕುಳಿತಾಗ ಅವನು ಜಯಂತಿಗೆ ಮೆಲ್ಲನೆ ಹೇಳಿದ, "ನಿಂಗೆ ಒಂದು ಮಾತು ಹೇಳ್ತೆ. ನಗಬಾರ್ದು. ನಂಗೆ ರಿವರ್ಸ್ ಬರೂದಿಲ್ಲ."

ಜಯಂತಿ ಅವನ ಬಟ್ಟಲಿಗೆ ಇನ್ನೊಂದು ತುಂಡು ಇಸೋಣ ಮೀನು ಹಾಕಿದಳು. "ಬೆಳಗಿನಿಂದ ಊರೆಲ್ಲ ಹೊಗಳಿದ್ದು ಸಾಲ್ಲಿಲ್ವಾ? ಈಗ ನನ್ನ ಬಾಯಲ್ಲಿ ಬೇರೆ ಹೇಳಿಸ್ಬೇಕಾ?"

"ಸತ್ಯವಾಗಿ. ಬಸ್ಸು ತಾನಾಗಿ ಜಾರಿದ್ದು."

"ತಾನಾಗಿ ಜಾರೂ ಬಸ್ಸನ್ನ ಕಣ್ಣು ಮುಚ್ಚಿ ನೇರ ತರೂದು ಇನ್ನೂ ಕಷ್ಟ ಅಲ್ದಾ?" ಎಂದಳು ಜಯಂತಿ. ಅವಳ ಮುಖದಲ್ಲಿದ್ದ ಪ್ರೀತಿಯನ್ನು ಅವನು ಮದುವೆಯಾದ ಹೊಸತರಲ್ಲಿ ಬಿಟ್ಟರೆ ಕಂಡಿರಲಿಲ್ಲ. ಅದರ ಎದುರು ಅವನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದ.

ಫೋನನ್ನು ದಿಂಬಿನ ಕೆಳಗಿಟ್ಟು, ಮುಖದ ಮೇಲೆ ಚಾದರ ಎಳೆದುಕೊಂಡು ಮಲಗಿದ. ಅಜ್ಜಿಯ ಅಂಗಳದಿಂದ ಕಲ್ಲು ಕೆತ್ತುವ ಟಕ್ ಟಕ್ ಸದ್ದು, ಬೀರಪ್ಪನ ಸೀಟಿ, ರೇಖಾಳ ದನಿ ಕೇಳಿಬರುತ್ತಿದ್ದವು. ಬಸ್ಸು ಕೆಡವಿದ ಬಾವಿಕಟ್ಟೆ ಸರಿಮಾಡುತ್ತಿದ್ದಾರೆ ಎಂದುಕೊಂಡ. ತನ್ನಿಂದಾದ ರಸ್ತೆ, ತನ್ನಿಂದ ಬಿದ್ದ ಕಲ್ಲು, ತಾನು ಮಾತ್ರ ಹಾಸಿಗೆಯಲ್ಲಿ. ಎದ್ದು ಹೋಗಿ ಕೈಜೋಡಿಸಬೇಕಿತ್ತು. ಆದರೆ ಹೋದರೆ ಮತ್ತೆ ಹೊಗಳುತ್ತಾರೆ. ಚಾದರವನ್ನು ಇನ್ನೂ ಗಟ್ಟಿಯಾಗಿ ಎಳೆದುಕೊಂಡ.

ಹಾಗೆ ಮಲಗಿದ್ದಲ್ಲೇ ಅವನು ಒಂದು ನಿರ್ಧಾರಕ್ಕೆ ಬಂದ. ಯಾರಿಗೆ ಹೇಳದಿದ್ದರೂ ಮಾಸ್ತಮ್ಮಜ್ಜಿಗೆ ನಿಜ ಹೇಳಿಬಿಡಬೇಕು. ಪ್ರೀತಿಯಿಂದ ತಂದ ಮೀನೆಂದು ತಿಂದವಳು ಅವಳು. ಅದು ಪ್ರೀತಿಯ ಮೀನಲ್ಲ, ದಾರಿಯ ಸುಂಕ. ಅವಳು ಬೈದರೆ ಬೈಸಿಕೊಳ್ಳಬೇಕು. ಆಮೇಲೂ ಮೀನು ಕೊಡಬೇಕು, ಸುಮ್ಮನೆ ಕೊಡಬೇಕು. ಇಷ್ಟು ಯೋಚಿಸಿದ ಮೇಲೆ ಎದೆ ಹಗುರಾಗಿ ಅವನಿಗೆ ನಿದ್ದೆ ಬಂತು.

ಎದ್ದಾಗ ಇಳಿಹೊತ್ತು. ಮುಖ ತೊಳೆದು, ತಲೆ ಬಾಚಿ, ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಅವನು ಅಜ್ಜಿಯ ಅಂಗಳಕ್ಕೆ ಬಂದ. ಅಲ್ಲಿ ಅಜ್ಜಿ ಒಬ್ಬಳೇ ಇರಲಿಲ್ಲ. ನೆರೆಯವರೆಲ್ಲ ಕೈಗೆ ಸಿಮೆಂಟು ಮೆತ್ತಿಕೊಂಡು ಚಹಾ ಕುಡಿಯುತ್ತ ಕುಳಿತಿದ್ದರು. ಬಾವಿಯ ಕಟ್ಟೆ ಮುರಿದಂತೆಯೇ ಇತ್ತು. ಬೇಲಿಯ ಬಾಯಿ ಮಾತ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ ಎದೆಯೆತ್ತರದ ಚಿರೆಕಲ್ಲಿನ ಗೋಡೆ ನಿಂತಿತ್ತು. ನುಗ್ಗೆಮರದ ಕೆಳಗೆ ಅವನ ಟೆಂಪೋ ಗೋಡೆಯತ್ತ ಮೂಗು ಚಾಚಿ ನಿಂತಿತ್ತು.

ರಮಾನಂದ ಗೋಡೆಯನ್ನು ನೋಡಿದ. ಟೆಂಪೋವನ್ನು ನೋಡಿದ. ಮತ್ತೆ ಗೋಡೆಯನ್ನು ನೋಡಿದ.

"ಹೆಂಗದೆ?" ಎಂದು ಬೀರಪ್ಪ ಕೇಳಿದ. "ನಮ್ಮ ಬಚ್ಚಲಮನೆಗೆ ತರ್ಸಿದ್ದ ಕಲ್ಲು. ಅಜ್ಜಿಗಿಂತ ಬಚ್ಚಲು ಹೆಚ್ಚಾ?"

ಸುಹಾಸ ವಿವರಿಸಿದ. "ನಾನು ಮ್ಯಾಪಲ್ಲಿ ತೆಗೆದುಹಾಕಿದ್ರೂ ಗಾಡಿ ಓಡಾಡ್ತಾ ಇದ್ರೆ ಮತ್ತೆ ಚುಕ್ಕಿ ಬೀಳ್ತದೆ, ಮತ್ತೆ ಗೆರೆ ಬರ್ತದೆ. ಗೋಡೆ ಕಟ್ಟಿದ್ರೆ ಯಾವ ಗಾಡಿನೂ ದಾಟೂದಿಲ್ಲ. ರಸ್ತೆ ತಾನಾಗಿ ಅಳಿದು ಹೋಗ್ತದೆ."

"ನಂದು... ನನ್ನ ಟೆಂಪೋ?" ಎಂದ ರಮಾನಂದ.

"ಅದನ್ನ ಮೊದಲೇ ಮಾತಾಡಿದ್ದು," ಎಂದಳು ರೇಖಾ. "ಬೇರೆ ಯಾರದ್ದಾದ್ರೂ ಗಾಡಿ ಆಗಿದ್ರೆ ಆಚೆ ಕಡೆ ತೆಗೆಸಿ ಆಮೇಲೆ ಕಟ್ತಿದ್ರು. ನಿಮ್ಮದಲ್ದಾ, ಚಿಂತೆ ಇಲ್ಲ ಅಂತ ಹೇಳಿದೆ ನಾನು. ನಾಳೆಯಿಂದ ದಿನಾ ಓಣಿಯಲ್ಲೇ ಹಿಂದೆ ತಗೊಂಡು ಹೋದ್ರೆ ಆತು."

ಮಾಸ್ತಮ್ಮಜ್ಜಿ ಅವನ ಹತ್ತಿರ ಬಂದು ಗಲ್ಲ ಸವರಿದಳು. "ನನ್ನ ಅಂಗಳ ಹಾಳಾಗಬಾರದು ಅಂತ ಇಷ್ಟು ವರ್ಷ ಸುತ್ತು ಹಾಕಿ ಹೋದೆ. ಈಗ ನೆಟ್ಟಗೆ ಹೋಗು ತಮ್ಮಾ."

ಜಯಂತಿ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿನಲ್ಲಿ ಹಾಕಿಕೊಂಡು ಕುಳಿತಳು. "ನಾನು ಬೆಳಿಗ್ಗೆ ಜನರ ಹಿಂದೆ ನಿಂತಿದ್ದೆ, ಸರಿಯಾಗಿ ಕಾಣ್ಲಿಲ್ಲ. ಈಗಲೇ ಒಂದು ಸಲ ತೆಗೀರಿ, ನೋಡ್ತೆ." ಅವಳ ಹಿಂದೆ ಇನ್ನೂ ನಾಲ್ಕಾರು ಕುರ್ಚಿ ಬಂದವು. ಪಕ್ಕದ ಕೇರಿಯವರು ಗೋಡೆಯ ಮೇಲಿನಿಂದ ಇಣುಕಿದರು. ಸುಹಾಸ ಫೋನು ತೆಗೆದ.

ರಮಾನಂದ ಓಣಿಯತ್ತ ತಿರುಗಿ ನೋಡಿದ. ಇನ್ನು ಓಡಲು ದಾರಿಯಿಲ್ಲ. ಮುಂದೆ ಗೋಡೆ, ಹಿಂದೆ ಊರು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿದ್ದ ಮುಳ್ಳನ್ನು ಕೈಹಾಕಿ ಕಿತ್ತಂತೆ ಅವನು ಎಲ್ಲರೆದುರು ಹೇಳಿಬಿಟ್ಟ:

"ನಂಗೆ ರಿವರ್ಸ್ ತೆಗೆಯೂಕೆ ಬರೂದಿಲ್ಲ. ದೇವರಾಣೆ ಬರೂದಿಲ್ಲ."

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಅಜ್ಜಿಯ ಕೋಳಿ ಕೂಡ ಕೆದಕುವುದನ್ನು ನಿಲ್ಲಿಸಿತು. ನಾಚಿಕೆಯಿಂದ ಅವನ ಮುಖ ಕೆಂಪಾಗಿ ತಲೆ ಎದೆಗೆ ತಾಗಿತು. ಆದರೂ, ಆಯಿತು, ಹೇಳಿದ್ದಾಯಿತು ಎಂದು ಒಳಗಿನಿಂದ ದೊಡ್ಡದೊಂದು ಉಸಿರು ಹೊರಬಂತು.

ಬೀರಪ್ಪ ಅವನನ್ನು ದಿಟ್ಟಿಸಿ ನೋಡಿದ. ನಿಧಾನವಾಗಿ ಅವನ ಮುಖದಲ್ಲಿ ನಗು ಹರಡಿತು.

"ಕಣ್ಣು ಬಿಟ್ಕಂಡು ಬರೂದಿಲ್ಲ ಅಂತ ಹೇಳು," ಎಂದ. "ಅದಕ್ಕೆ ಅಷ್ಟು ನಾಚಿಕೆ ಎಂತಕ್ಕೆ ಮಾರಾಯ?"

ಎದ್ದು ಬಂದು, ಹೆಗಲ ಮೇಲಿದ್ದ ಟವೆಲ್ಲು ಕೊಡವಿ, ರಮಾನಂದನ ಕಣ್ಣಿಗೆ ಗಟ್ಟಿಯಾಗಿ ಕಟ್ಟಿ, ಕೈಹಿಡಿದು ಟೆಂಪೋ ಹತ್ತಿಸಿದ.